ಯಾವ ಕಂಪನಿ ನಂಬಬಹುದು ಅಂತ ಕೇಳಿದೆಯಲ್ಲ, ಮಾರಾಯ

ಪ್ರೀತಿಯ ಗೆಳೆಯಾ,

ಮಗಳು ಕಾಲೇಜಿಗೆ ಮೈಸೂರಿಗೆ ಹೋಗ್ತಾಳೆ, ಒಂದು ಒಳ್ಳೆ ಫೋನ್ ಹೇಳು, ಯಾವ ಕಂಪನಿ ನಂಬಬಹುದು ಅಂತ ನೀನು ವಾಟ್ಸಾಪಿನಲ್ಲಿ ಕೇಳಿದ್ದೆ. ನಾನು ‘ಬರೀತೀನಿ’ ಅಂದು ಸುಮ್ಮನಾದೆ. ನಿನಗೆ ಒಂದು ಹೆಸರು ಸಾಕಿತ್ತು, ಗೊತ್ತು. ಆದರೆ ಹೆಸರು ಹೇಳಿ ಕೈತೊಳೆದುಕೊಂಡರೆ ಮೂರು ವರ್ಷ ಬಿಟ್ಟು ಬೈಸಿಕೊಳ್ಳುವವನು ನಾನೇ ಅಲ್ವಾ? ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಅಡಿಕೆ ಸುಲಿತ ಮುಗಿದಿರುತ್ತದೆ, ನಿಧಾನಕ್ಕೆ ಓದು.

ಯಾವ ಕಂಪನಿಯನ್ನೂ ನಂಬಬೇಡ. ಸಿಟ್ಟಿನಲ್ಲಿ ಹೇಳುತ್ತಿಲ್ಲ. ನಿನ್ನ ಮಂಡಿಗೆ ಹೊಸ ವ್ಯಾಪಾರಿ ಬಂದರೆ ನೀನು ಏನು ಮಾಡುತ್ತೀಯ? ಮಾತು ಚೆನ್ನಾಗಿದೆ ಅಂತ ಚೀಲ ಎತ್ತಿಸಿ ಕಳಿಸುವುದಿಲ್ಲ. ಹಿಂದೆ ಯಾರ ಹತ್ತಿರ ತೆಗೆದುಕೊಂಡಿದ್ದ, ದುಡ್ಡು ಹೇಗೆ ಕೊಟ್ಟ ಅಂತ ವಿಚಾರಿಸುತ್ತೀಯ. ಕಂಪನಿಗಳ ವಿಷಯದಲ್ಲೂ ನಾನು ಮಾಡುವುದು ಅಷ್ಟೇ. ಮಾರಿದ ವಸ್ತು ಹಳೆಯದಾದಾಗ ಇವರು ಗಿರಾಕಿಯ ಜೊತೆ ಹೇಗೆ ನಡೆದುಕೊಂಡರು ಅಂತ ನೋಡುತ್ತೇನೆ. ಹೊಸದಾಗಿ ಡಬ್ಬಿ ಬಿಚ್ಚಿದಾಗ ಎಲ್ಲರ ಫೋನೂ ಚೆನ್ನಾಗಿಯೇ ಇರುತ್ತದೆ. ಯೂಟ್ಯೂಬಿನಲ್ಲಿ ಹೊಗಳುವವರೆಲ್ಲ ಮೊದಲ ವಾರದ ಫೋನ್ ಹಿಡಿದುಕೊಂಡು ಮಾತಾಡುತ್ತಾರೆ. ನಾಲ್ಕನೇ ವರ್ಷ ಬ್ಯಾಟರಿ ಸೋತಾಗ ಏನಾಯಿತು ಅಂತ ಹೇಳಲು ಅವರ ಕೈಯಲ್ಲಿ ಆ ಫೋನೇ ಇರುವುದಿಲ್ಲ.

ನಮ್ಮಪ್ಪನ ಎಚ್‌ಎಂಟಿ ಜನತಾ ನಿನಗೆ ನೆನಪಿರಬೇಕು. ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದರು. ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ ಗಡಿಯಾರ ರಿಪೇರಿಯವರು ಅದನ್ನು ಬಿಚ್ಚಿ, ಎಣ್ಣೆ ಬಿಟ್ಟು, ಮುಚ್ಚಿ ಕೊಡುತ್ತಿದ್ದರು. ಕಂಪನಿಯ ಅನುಮತಿ ಬೇಕಿರಲಿಲ್ಲ. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಆಮೇಲೆ ತುಮಕೂರಿಗೂ ಬಂತು. 2016ರಲ್ಲಿ ಗಡಿಯಾರ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆದರೆ ಅಪ್ಪನ ವಾಚ್ ಈಗಲೂ ಓಡುತ್ತದೆ. ಮಾಡಿದ ಕಂಪನಿ ಹೋದರೂ ವಸ್ತು ನಿಲ್ಲಲಿಲ್ಲ.

ಹಾಗಂತ ಎಚ್‌ಎಂಟಿಯನ್ನು ದೇವರ ಪೀಠದ ಮೇಲೆ ಕೂರಿಸಬೇಕಾಗಿಲ್ಲ. ಕೇಳಿದ ಮಾಡೆಲ್ ಸಿಗದ ಕಾಲ ಅದು, ಕೊಟ್ಟಿದ್ದು ಕಟ್ಟಿಕೊಳ್ಳಬೇಕಿತ್ತು. ಹೊಸೂರಿನಲ್ಲಿ ಟೈಟನ್ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚ್ ಮಾಡಿ, ಚೆಂದದ ಅಂಗಡಿ ತೆರೆದು ಕೂತಾಗ ಇವರು ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಿದ್ದರು. ಗಿರಾಕಿ ಎಲ್ಲಿಗೂ ಹೋಗುವುದಿಲ್ಲ ಅಂತ ಅಂದುಕೊಂಡಿದ್ದರು. ಗಿರಾಕಿ ಹೋದ.

ನೋಕಿಯಾ ಕಥೆ ಇದಕ್ಕಿಂತ ರುಚಿ. 1100 ಮಾಡೆಲ್ ಬಂದದ್ದು 2003ರಲ್ಲಿ. ನಮ್ಮ ಕಡೆ ಎಲ್ಲರ ಕೈಯಲ್ಲೂ ಅದೇ. ಮೇಲ್ಗಡೆ ಪುಟ್ಟ ಟಾರ್ಚು, ಧೂಳು ಒಳಗೆ ಹೋಗದ ಕೀಪ್ಯಾಡು, ಜಾರದ ಹಿಂಬದಿ. ಜಗತ್ತಿನಲ್ಲಿ 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ಆ ಟಾರ್ಚನ್ನು ಯೋಚಿಸಿದವನು ಕರೆಂಟ್ ಹೋಗುವ ಊರನ್ನು ಕಂಡಿರಲೇಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ. ತೋಟದಿಂದ ಕತ್ತಲಲ್ಲಿ ಬರುವಾಗ ಹಾವಿನ ಭಯಕ್ಕೆ ನಿಮ್ಮನೆಯವರೆಲ್ಲ ಅದನ್ನೇ ಹಿಡಿದುಕೊಂಡು ಬರುತ್ತಿದ್ದರಲ್ಲ.

ಆದರೆ ನಾನು ಹೇಳಹೊರಟದ್ದು ಅದರ ಬ್ಯಾಟರಿ ವಿಷಯ. ಬಿಎಲ್-5ಸಿ. 2007ರ ಆಗಸ್ಟಿನಲ್ಲಿ ನೋಕಿಯಾ ಒಂದು ಪ್ರಕಟಣೆ ಕೊಟ್ಟಿತು. ಜಪಾನಿನ ಮತ್ಸುಶಿತಾ ಕಂಪನಿ ಮಾಡಿಕೊಟ್ಟ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಬಿಸಿಯಾಗಬಹುದು, ಬೇಕಾದವರಿಗೆ ಪುಕ್ಕಟೆ ಬದಲಾಯಿಸಿ ಕೊಡುತ್ತೇವೆ ಅಂತ. ಫೋನ್ ಬಾಂಬಿನ ಹಾಗೆ ಸಿಡಿಯುತ್ತದೆ ಅಂತ ಊರೆಲ್ಲ ಗುಲ್ಲೆದ್ದಿತ್ತು. ಜನ ಮಾಡಿದ್ದೇನು? ಉಗುರಿನಲ್ಲಿ ಹಿಂಬದಿ ಮುಚ್ಚಳ ತೆಗೆದರು, ಬ್ಯಾಟರಿ ಎತ್ತಿ ನಂಬರ್ ನೋಡಿದರು. ದೋಷದ ಪಟ್ಟಿಯಲ್ಲಿದ್ದರೆ ಬದಲಾಯಿಸಿದರು, ಇಲ್ಲದಿದ್ದರೆ ಮತ್ತೆ ಹಾಕಿಕೊಂಡರು. ಫೋನ್ ಅದೇ, ನಂಬರುಗಳು ಅದೇ, ಹಾವಿನ ಆಟದ ಸ್ಕೋರೂ ಅದೇ.

ಈಗ 2016ಕ್ಕೆ ಬಾ. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಆಗಸ್ಟಿನಲ್ಲಿ ಬಿಡುಗಡೆಯಾಯಿತು. ಅದಕ್ಕೂ ಬ್ಯಾಟರಿ ರೋಗ. ಕೆಲವು ಹೊತ್ತಿಕೊಂಡವು. ಆದರೆ ಬ್ಯಾಟರಿ ಒಳಗೆ ಅಂಟು ಹಾಕಿ ಕೂರಿಸಿದ್ದು. ಉಗುರು ಬಿಡು, ಸ್ಕ್ರೂಡ್ರೈವರಿಗೂ ಜಾಗವಿಲ್ಲ. ಹಾಗಾಗಿ ಸೆಪ್ಟೆಂಬರಿನಲ್ಲಿ ಸುಮಾರು 25 ಲಕ್ಷ ಫೋನುಗಳನ್ನು ವಾಪಸ್ ಕರೆದರು. ಬದಲಿಗೆ ಕೊಟ್ಟವೂ ಹೊತ್ತಿಕೊಂಡವು. ಅಮೆರಿಕದಲ್ಲಿ ಆ ಫೋನನ್ನು ವಿಮಾನದೊಳಗೆ ತರುವುದೇ ನಿಷೇಧವಾಯಿತು. ಅಕ್ಟೋಬರಿನಲ್ಲಿ ಮಾಡೆಲನ್ನೇ ನಿಲ್ಲಿಸಿಬಿಟ್ಟರು. ತಪ್ಪು ಬ್ಯಾಟರಿಯದ್ದು, ಎರಡು ಕಡೆಯಿಂದ ತರಿಸಿದ ಬ್ಯಾಟರಿಯಲ್ಲಿ ಎರಡು ಬೇರೆ ಬೇರೆ ದೋಷ ಅಂತ ಮುಂದಿನ ಜನವರಿಯಲ್ಲಿ ಕಂಪನಿಯೇ ಹೇಳಿತು. ದೋಷ ಬ್ಯಾಟರಿಯಲ್ಲಿ, ಹೋಗಿದ್ದು ಇಡೀ ಫೋನು.

ಬ್ಯಾಟರಿ ಒಳಗೆ ಅಂಟಿಸುವುದಕ್ಕೆ ಅವರು ಕಾರಣ ಕೊಡುತ್ತಾರೆ. ಫೋನ್ ತೆಳ್ಳಗಾಗುತ್ತದೆ, ನೀರು ಹೋಗುವುದಿಲ್ಲ ಅಂತ. ಸುಳ್ಳಲ್ಲ. ಮಳೆಗಾಲದಲ್ಲಿ ಸಾಗರದಲ್ಲಿ ಓಡಾಡುವವನಿಗೆ ನೀರು ಹೋಗದ ಫೋನಿನ ಬೆಲೆ ಗೊತ್ತು. ಆದರೆ ಬ್ಯಾಟರಿ ಅನ್ನುವುದು ಬೈಕಿನ ಟೈರ್ ಥರ ಸವೆಯುವ ಸಾಮಾನು ಅಂತ ಮಾಡುವವರಿಗೆ ಮೊದಲ ದಿನವೇ ಗೊತ್ತಿತ್ತು. ಅದನ್ನು ಬದಲಾಯಿಸುವುದು ಕಷ್ಟವಾದರೆ ಯಾರಿಗೆ ಲಾಭ ಅನ್ನುವುದೂ ಗೊತ್ತಿತ್ತು.

ನೋಕಿಯಾ ಮುಂದೇನಾಯಿತು ಅಂತ ನೀನು ಬಲ್ಲೆ. ಚೆನ್ನೈ ಪಕ್ಕ ಶ್ರೀಪೆರಂಬದೂರಿನಲ್ಲಿ 2006ರಲ್ಲಿ ದೊಡ್ಡ ಕಾರ್ಖಾನೆ ಹಾಕಿದ್ದರು. 2014ರ ಏಪ್ರಿಲ್‌ನಲ್ಲಿ ಫೋನ್ ವ್ಯವಹಾರ ಮೈಕ್ರೋಸಾಫ್ಟ್ ಪಾಲಾಯಿತು, ತೆರಿಗೆ ತಕರಾರಿನಲ್ಲಿ ಸಿಕ್ಕಿಕೊಂಡಿದ್ದ ಆ ಕಾರ್ಖಾನೆ ಅದೇ ನವೆಂಬರಿನಲ್ಲಿ ನಿಂತಿತು. ಮರು ವರ್ಷವೇ ಮೈಕ್ರೋಸಾಫ್ಟ್ 760 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಟಚ್ ಫೋನ್ ಬಂದಾಗ ನೋಕಿಯಾದವರೂ ಎಚ್‌ಎಂಟಿಯವರ ಹಾಗೇ ಕೂತಿದ್ದರು ಅನ್ನು.

ಈಗ ಕನ್ನಡದ ಮಾತು. ಕನ್ನಡದ ಗಿರಾಕಿಗಳನ್ನು ಈ ಕಂಪನಿಗಳು ಲೆಕ್ಕಕ್ಕೆ ಇಟ್ಟುಕೊಂಡದ್ದು ಬಹಳ ತಡವಾಗಿ, ಹಾಗಾಗಿ ಇದೂ ಅವರ ಜಾತಕದ ಒಂದು ಮನೆ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ತೆರೆದರೆ ಬರೀ ಚೌಕ ಚೌಕ ಡಬ್ಬಿ ಕಾಣುತ್ತಿತ್ತು. ಕೆಲವದರಲ್ಲಿ ಅಕ್ಷರ ಬಂದರೂ ಒತ್ತಕ್ಷರ ಪಕ್ಕಕ್ಕೆ ಬಿದ್ದು ಒದ್ದಾಡುತ್ತಿತ್ತು. ಆಗ ನಮ್ಮನ್ನು ಕಾಪಾಡಿದ್ದು ಒಪೆರಾ ಮಿನಿ. ನಾರ್ವೆ ದೇಶದವರ ಬ್ರೌಸರು. ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಹೊಡೆದು, ಕೆಳಗೆ ಹೋಗಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಅನ್ನುವ ಸಾಲಿಗೆ ‘ಎಸ್’ ಕೊಟ್ಟರೆ ಆಯಿತು, ಕನ್ನಡ ಪುಟಗಳು ಸರಿಯಾಗಿ ಕಾಣುತ್ತಿದ್ದವು. ಅವರ ಸರ್ವರು ನಮ್ಮ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಬಾರದಿದ್ದರೂ ನಡೆಯುತ್ತಿತ್ತು. ಈ ಗುಟ್ಟನ್ನು ಒಬ್ಬರಿಗೊಬ್ಬರು ಮನೆಮದ್ದಿನ ಹಾಗೆ ಹೇಳಿಕೊಳ್ಳುತ್ತಿದ್ದೆವು. ಎರಡನೇ ಪಿಯುಸಿ ರಿಸಲ್ಟಿನ ಸುದ್ದಿ, ಮಳೆ ಸುದ್ದಿ, ಎಲ್ಲ ನಾನು ಓದಿದ್ದು ಹೀಗೇ. ಬೆಂಗಳೂರಿನಲ್ಲಿ ಅಷ್ಟೆಲ್ಲ ಇಂಜಿನಿಯರುಗಳನ್ನು ಇಟ್ಟುಕೊಂಡಿದ್ದ ಕಂಪನಿಗಳಿಗೆ ಕಾಣದ್ದು ಓಸ್ಲೋದವರಿಗೆ ಹೇಗೋ ಕಂಡಿತ್ತು.

ಆಪಲ್ ಅಂತೂ ಐಫೋನಿಗೆ ತನ್ನದೇ ಕನ್ನಡ ಕೀಬೋರ್ಡ್ ಕೊಟ್ಟದ್ದು 2017ರಲ್ಲಿ, ಐಓಎಸ್ 11ರ ಜೊತೆ. ಐಫೋನ್ ಹುಟ್ಟಿ ಹತ್ತು ವರ್ಷ ಆಗಿತ್ತು.

ಅದಕ್ಕಿಂತ ಮೊದಲೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳು ಸೇರಿ ಸಿಂಪ್ಯೂಟರ್ ಅಂತ ಒಂದನ್ನು ಮಾಡಿದ್ದರು, ಗೊತ್ತಾ? ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರು, ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮೇಲೆ ಓಡುವುದು, ಕನ್ನಡ ಓದಿ ಹೇಳುವುದು. ಊರಿಗೆ ಒಂದೇ ಇದ್ದರೂ ಸಾಕು, ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಹಲವರು ಬಳಸಬಹುದು ಅನ್ನುವುದು ಅವರ ಯೋಚನೆ. 2004ರಲ್ಲಿ ಸರ್ಕಾರಿ ಕಂಪನಿ ಬಿಇಎಲ್ ಅದನ್ನು ತಯಾರಿಸಿ ಮಾರುಕಟ್ಟೆಗೂ ಬಿಟ್ಟಿತು. ಅಲುಗಾಡಿಸಿದರೆ ಪುಟ ತಿರುಗುತ್ತಿತ್ತು, ಐಫೋನ್ ಬರುವ ಮೂರು ವರ್ಷ ಮೊದಲು. ಆದರೆ ಹತ್ತು ಸಾವಿರದ ಸುತ್ತ ಬೆಲೆ, ಅದರಲ್ಲಿ ಫೋನ್ ಮಾಡಲು ಬರುವುದಿಲ್ಲ, ಕೊಳ್ಳುವವರು ಯಾರು? ಸರ್ಕಾರ ಕೊಳ್ಳುತ್ತದೆ ಅಂತ ಕಾದರು. ಅಲ್ಲಿಗೆ ಮುಗಿಯಿತು.

ಆಪಲ್ ಬಗ್ಗೆ ಬರೆಯದೆ ಬಿಟ್ಟರೆ ನಿನ್ನ ಮಗಳು ಬಿಡುವುದಿಲ್ಲ. ನನಗೆ ಆ ಕಂಪನಿಯ ಮೇಲೆ ಮೆಚ್ಚುಗೆಯೂ ಇದೆ, ಕೋಪವೂ ಇದೆ, ಎರಡೂ ಹಳೆಯ ಫೋನಿಗೆ ಸಂಬಂಧಪಟ್ಟವೇ.

ಮೆಚ್ಚುಗೆ ಮೊದಲು. 2013ರಲ್ಲಿ ಬಂದ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸುರಕ್ಷತಾ ಅಪ್‌ಡೇಟ್ ಬಂತು. ಹತ್ತನೇ ವರ್ಷ! ಅದೇ ಕಾಲದ ಆಂಡ್ರಾಯ್ಡ್ ಫೋನುಗಳನ್ನು ಮಾಡಿದವರು ಎರಡು ವರ್ಷಕ್ಕೆ ಕೈಬಿಟ್ಟಿದ್ದರು. ಕೆಲವರು ಒಂದೂ ಅಪ್‌ಡೇಟ್ ಕೊಡದೆ ಮುಂದಿನ ಮಾಡೆಲಿನ ಜಾಹೀರಾತು ಮಾತ್ರ ಕಳಿಸಿದರು.

ಇನ್ನು ಕೋಪ. 2017ರ ಡಿಸೆಂಬರಿನಲ್ಲಿ ಫೋನಿನ ವೇಗ ಅಳೆಯುವ ಗೀಕ್‌ಬೆಂಚ್ ಪರೀಕ್ಷೆಯ ಅಂಕಿಗಳನ್ನು ಸೇರಿಸಿ ನೋಡಿದಾಗ, ಹಳೆಯ ಬ್ಯಾಟರಿ ಇರುವ ಐಫೋನುಗಳು ಬೇಕೆಂದೇ ನಿಧಾನ ಓಡುತ್ತಿವೆ ಅಂತ ಬಯಲಾಯಿತು. ಆಪಲ್ ಒಪ್ಪಿಕೊಂಡಿತು. ಸೋತ ಬ್ಯಾಟರಿಯಿಂದ ಫೋನ್ ದಿಢೀರ್ ಆಫ್ ಆಗದಿರಲಿ ಅಂತ ಹಾಗೆ ಮಾಡಿದೆವು ಅಂದಿತು. ಕಾರಣ ಸರಿಯಾಗಿಯೇ ಇದೆ. ಮಾತಾಡುತ್ತಾ ಇರುವಾಗ ಆಫ್ ಆಗುವುದಕ್ಕಿಂತ ನಿಧಾನವೇ ವಾಸಿ. ಆದರೆ ಹೇಳಬೇಕಿತ್ತಲ್ಲ? ಬ್ಯಾಟರಿ ಬದಲಾಯಿಸಿದರೆ ಫೋನ್ ಮತ್ತೆ ಚುರುಕಾಗುತ್ತದೆ ಅನ್ನುವ ಒಂದು ಮಾತು ಗೊತ್ತಿಲ್ಲದೆ ಎಷ್ಟು ಜನ ಹೊಸ ಫೋನಿಗೆ ದುಡ್ಡು ಸುರಿದಿರಬೇಕು! ಆಮೇಲೆ ಬ್ಯಾಟರಿಯ ಬೆಲೆ ಇಳಿಸಿದರು. ಅಮೆರಿಕದಲ್ಲಿ 79 ಡಾಲರ್ ಇದ್ದದ್ದು 29 ಆಯಿತು. ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ಹಾಕಿತು. ಅಮೆರಿಕದ ದಾವೆಯಲ್ಲಿ 50 ಕೋಟಿ ಡಾಲರ್ ವರೆಗೆ ಕೊಡಲು ಒಪ್ಪಿದರು. ಆ ಕಂಪನಿಗೆ ಇದು ಚಿಲ್ಲರೆ.

ಅದೇ 2020ರಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಮಾಯವಾಯಿತು. ಪರಿಸರ ಉಳಿಸಲು ಅಂದರು. ಸ್ಯಾಮ್‌ಸಂಗಿನವರು ನಮ್ಮ ಫೋನಿನ ಜೊತೆ ಚಾರ್ಜರ್ ಇದೆ ನೋಡಿ ಅಂತ ಅಣಕಿಸಿ ಪೋಸ್ಟ್ ಹಾಕಿದರು. ಮೂರು ತಿಂಗಳಾಗಿಲ್ಲ, 2021ರ ಜನವರಿಯಲ್ಲಿ ಎಸ್21 ಬಂದಾಗ ಅವರ ಡಬ್ಬಿಯಲ್ಲೂ ಚಾರ್ಜರ್ ಇಲ್ಲ. ಅಣಕದ ಪೋಸ್ಟೂ ಇಲ್ಲ. ಇಯರ್‌ಫೋನಿನ ತೂತಿನ ವಿಷಯದಲ್ಲೂ ಆದದ್ದು ಇದೇ. 2016ರಲ್ಲಿ ಐಫೋನ್ 7 ಅದನ್ನು ತೆಗೆಯಿತು, ಸ್ಯಾಮ್‌ಸಂಗಿನವರು ನಕ್ಕರು, 2019ರ ನೋಟ್ 10ರಲ್ಲಿ ತಾವೂ ತೆಗೆದರು. ಇವರಿಬ್ಬರ ಜಗಳವನ್ನು ನಂಬಿ ನೀನು ಪಕ್ಷ ಕಟ್ಟಬೇಡ.

ಬೆಲೆಯದ್ದು ಬೇರೆ ಕಥೆ. ನಮ್ಮ ಕೋಲಾರದ ನರಸಾಪುರದಲ್ಲೇ ಐಫೋನ್ ಜೋಡಿಸುತ್ತಾರೆ, ಆದರೆ ಅಮೆರಿಕಕ್ಕಿಂತ ಇಲ್ಲಿಯೇ ದುಬಾರಿ. 2020ರ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಗಲಾಟೆಯಾದದ್ದು ನೆನಪಿದೆಯಾ? ಆಗ ಅದು ತೈವಾನಿನ ವಿಸ್ಟ್ರಾನ್ ಕಂಪನಿಯದ್ದು. ಸಂಬಳ ಸರಿಯಾಗಿ ಬಂದಿಲ್ಲ, ಓವರ್‌ಟೈಮ್ ದುಡ್ಡು ಬಂದಿಲ್ಲ ಅಂತ ಹುಡುಗರು ಗಾಜು, ಯಂತ್ರ ಒಡೆದು ಹಾಕಿದರು. ಟೀವಿಯಲ್ಲಿ ಅವತ್ತೆಲ್ಲ ಒಡೆದ ಗಾಜನ್ನೇ ತೋರಿಸಿದರು. ಆಪಲ್ ತನಿಖೆ ಮಾಡಿಸಿ, ಸಂಬಳ ಕೊಡುವ ವ್ಯವಸ್ಥೆಯಲ್ಲಿ ಲೋಪ ಇದ್ದದ್ದು ನಿಜ ಅಂತ ಒಪ್ಪಿ, ಸರಿಮಾಡುವ ತನಕ ವಿಸ್ಟ್ರಾನಿಗೆ ಹೊಸ ಕೆಲಸ ಕೊಡುವುದಿಲ್ಲ ಅಂದಿತು. ಅಷ್ಟು ಹೊತ್ತಿಗೆ ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಹಿಡಿದಿದ್ದರು. 2023ರಲ್ಲಿ ಟಾಟಾದವರು ಆ ಕಾರ್ಖಾನೆ ಕೊಂಡರು. ಈಗ ದೇವನಹಳ್ಳಿ ಕಡೆ ಐಫೋನ್ ಜೋಡಿಸುವ ಇನ್ನೊಂದು ಕಂಪನಿ ಫಾಕ್ಸ್‌ಕಾನ್ ಬಂದಿದೆ. ಕೆಲಸ ಬಂತು, ಒಳ್ಳೆಯದೇ. ಲಕ್ಷ ರೂಪಾಯಿಯ ವಸ್ತು ಮಾಡುವವರಿಗೆ ತಿಂಗಳ ಸಂಬಳ ತಿಂಗಳಿಗೆ ಬರಬೇಕು ಅನ್ನುವುದಕ್ಕೆ ಗಾಜು ಒಡೆಯಬೇಕಾಗಿ ಬಂದದ್ದು ಮಾತ್ರ ನನ್ನ ಗಂಟಲಲ್ಲಿ ಇನ್ನೂ ಇಳಿದಿಲ್ಲ.

ಫೋನು ಸಾಕು. ಪ್ರಿಂಟರಿನ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಮ್ಮನೆಯಲ್ಲಿ ಒಂದು ಪ್ರಿಂಟರ್ ಇತ್ತು. ಕಂಪನಿ ಹೆಸರು ಬೇಡ. ಪ್ರಿಂಟರ್ ಅಗ್ಗ, ಇಂಕ್ ಕಾರ್ಟ್ರಿಜ್ ದುಬಾರಿ. ಎರಡು ಸಲ ಕಾರ್ಟ್ರಿಜ್ ಕೊಂಡರೆ ಪ್ರಿಂಟರಿನ ದುಡ್ಡು ಆಗುತ್ತಿತ್ತು. ಕಪ್ಪು ಬಣ್ಣದಲ್ಲಿ ಒಂದು ಪಹಣಿ ಪ್ರಿಂಟ್ ತೆಗೆಯಲು ಹೋದರೆ ಹಳದಿ ಇಂಕ್ ಖಾಲಿ, ಆಗುವುದಿಲ್ಲ ಅನ್ನುತ್ತಿತ್ತು. ಪಹಣಿಗೂ ಹಳದಿಗೂ ಏನು ಸಂಬಂಧ? ಕೊನೆಗೆ ರಸ್ತೆ ಕೊನೆಯ ಜೆರಾಕ್ಸ್ ಅಂಗಡಿಗೇ ಹೋಗಿ ತೆಗೆಸತೊಡಗಿದೆ.

ಇದು ನನ್ನೊಬ್ಬನ ಗೋಳಲ್ಲ. ಎಚ್‌ಪಿ ವಿಷಯದಲ್ಲಿ ನಡೆದದ್ದು ಪೇಪರಿನಲ್ಲೆಲ್ಲ ಬಂದಿತ್ತು. 2016ರ ಸೆಪ್ಟೆಂಬರ್ 13ರಂದು ಜಗತ್ತಿನ ಬೇರೆ ಬೇರೆ ಕಡೆ ಆ ಕಂಪನಿಯ ಕೆಲವು ಪ್ರಿಂಟರುಗಳು ಹೊರಗಿನವರ ಕಾರ್ಟ್ರಿಜ್ ಇದ್ದರೆ ಪ್ರಿಂಟ್ ಮಾಡುವುದಿಲ್ಲ ಅಂತ ಕೂತುಬಿಟ್ಟವು. ಹಿಂದಿನ ದಿನದವರೆಗೆ ಅದೇ ಕಾರ್ಟ್ರಿಜ್ ನಡೆಯುತ್ತಿತ್ತು. ತಿಂಗಳುಗಳ ಹಿಂದೆ ಬಂದ ಅಪ್‌ಡೇಟಿನಲ್ಲಿ ತಾರೀಖು ಮೊದಲೇ ತುಂಬಿಟ್ಟಿದ್ದರು. ಗಲಾಟೆಯಾದ ಮೇಲೆ ಸರಿಯಾಗಿ ತಿಳಿಸಲಿಲ್ಲ, ಕ್ಷಮಿಸಿ ಅಂತ ಹೇಳಿ, ಬೇಕಾದವರಿಗೆ ಬೇರೆ ಅಪ್‌ಡೇಟ್ ಕೊಟ್ಟರು. ಆ ನೀತಿಯನ್ನು ಮಾತ್ರ ಬಿಡಲಿಲ್ಲ. ನಾನು ದುಡ್ಡು ಕೊಟ್ಟು ತಂದ ಯಂತ್ರ ನನ್ನ ಮನೆಯಲ್ಲಿ ಕೂತು, ತಾರೀಖು ಬರುವ ತನಕ ಕಾಯುವುದು ಅಂದರೆ ಏನು ಹೇಳಲಿ.

ಆದರೆ ಪ್ರಿಂಟರ್ ಕಥೆಯಲ್ಲಿ ಒಂದು ಖುಷಿಯ ತಿರುವಿದೆ. ಜೆರಾಕ್ಸ್ ಅಂಗಡಿಗಳಲ್ಲಿ ನೀನೂ ನೋಡಿರುತ್ತೀಯ. ಪ್ರಿಂಟರಿನ ಪಕ್ಕಕ್ಕೆ ನಾಲ್ಕು ಬಣ್ಣದ ಬಾಟಲಿ ಕಟ್ಟಿ, ಸಣ್ಣ ಪೈಪಿನಲ್ಲಿ ಇಂಕನ್ನು ಒಳಗೆ ಬಿಡುತ್ತಿದ್ದರು. ಕಾರ್ಟ್ರಿಜ್ ಗೊಡವೆಯೇ ಇಲ್ಲ, ಬಾಟಲಿ ಇಂಕ್ ಸುರಿದರೆ ಆಯಿತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡ ರೋಗಿಯ ಹಾಗೆ ಕಾಣುತ್ತಿತ್ತು ಪ್ರಿಂಟರು, ಆದರೆ ಒಳ್ಳೆ ಕೆಲಸ ಮಾಡುತ್ತಿತ್ತು. ಇಂಡೊನೇಷ್ಯಾದಲ್ಲೂ ಅಂಗಡಿಯವರು ಹೀಗೇ ಮಾಡುತ್ತಿದ್ದರು. ಎಪ್ಸನ್ ಕಂಪನಿಯವರು ಇದನ್ನು ನೋಡಿ, ತಡೆಯುವುದು ಬಿಟ್ಟು, 2010ರಲ್ಲಿ ಅಲ್ಲೇ ಟ್ಯಾಂಕ್ ಇರುವ ಪ್ರಿಂಟರನ್ನು ತಾವೇ ಮಾಡಿ ಮಾರಿದರು. ಪ್ರಿಂಟರಿಗೆ ಜಾಸ್ತಿ ದುಡ್ಡು, ಇಂಕಿಗೆ ಕಡಿಮೆ. ನಮ್ಮ ದೇಶಕ್ಕೂ ಬಂತು, ಓಡಿತು. ಕೆಲವು ವರ್ಷ ಬಿಟ್ಟು ಕ್ಯಾನನ್, ಎಚ್‌ಪಿ ಎಲ್ಲರೂ ಟ್ಯಾಂಕ್ ಇಟ್ಟರು. ಜಕಾರ್ತದ, ಬೆಂಗಳೂರಿನ ಅಂಗಡಿ ಹುಡುಗರು ಬಾಟಲಿ ಕಟ್ಟದೆ ಇದ್ದಿದ್ದರೆ ಈ ದೊಡ್ಡವರು ಯಾರೂ ತಾವಾಗಿ ಟ್ಯಾಂಕ್ ಕೊಡುತ್ತಿರಲಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ನೀನು ಮಂಡಿಗೆ ಪ್ರಿಂಟರ್ ತಗೊಂಡರೆ ಟ್ಯಾಂಕಿನದ್ದೇ ತಗೋ. ಬಿಲ್ ಮಾತ್ರ ಸಾಕು ಅಂದರೆ ಲೇಸರ್.

ಪುಕ್ಕಟೆ ಕೊಡುವವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗೂಗಲ್ ಫೋಟೋಸ್ 2015ರಲ್ಲಿ ಎಷ್ಟು ಬೇಕಾದರೂ ಇಡಿ, ದುಡ್ಡಿಲ್ಲ ಅಂದಿತು. ಜಗತ್ತೆಲ್ಲ ಮದುವೆ, ಮುಂಜಿ, ಮಗುವಿನ ಫೋಟೋ ತುಂಬಿತು. 2021ರ ಜೂನ್ 1ರಿಂದ ಹೊಸ ಫೋಟೋಗಳೆಲ್ಲ 15 ಜಿಬಿ ಲೆಕ್ಕದೊಳಗೆ, ಮೇಲೆ ಬೇಕಾದರೆ ತಿಂಗಳ ಬಾಡಿಗೆ. ಬಾಡಿಗೆ ದೊಡ್ಡದೇನಲ್ಲ. ಆದರೆ ಅಷ್ಟು ಹೊತ್ತಿಗೆ ಬೇರೆ ಕಡೆ ಹೋಗುವ ಹಾಗಿರಲಿಲ್ಲ. ಮಗಳಿಗೆ ಒಂದು ಹಾರ್ಡ್ ಡಿಸ್ಕ್ ಕೊಡಿಸು. ವರ್ಷಕ್ಕೊಮ್ಮೆ ಎಲ್ಲ ಇಳಿಸಿಕೊಳ್ಳಲಿ.

ಸ್ಮಾರ್ಟ್ ಟೀವಿಯದ್ದು ಇನ್ನೂ ಚಿಕ್ಕ ಮಾತು. ನಮ್ಮನೆಯ ಟೀವಿ ಆನ್ ಮಾಡಿದರೆ ಮೊದಲು ಜಾಹೀರಾತು ಬರುತ್ತದೆ. ಕೊಳ್ಳುವಾಗ ಇರಲಿಲ್ಲ, ಅಪ್‌ಡೇಟಿನಲ್ಲಿ ಬಂತು. ಅದರ ಇಂಟರ್ನೆಟ್ ಕಿತ್ತು, ಹೊರಗಿನಿಂದ ಒಂದು ಸ್ಟಿಕ್ ಹಾಕಿದ್ದೇನೆ. ಟೀವಿ ಈಗ ಬರೀ ಪರದೆ.

ಇಷ್ಟೆಲ್ಲ ಬೈದ ಮೇಲೆ, ಕಂಪನಿಗಳು ಬದಲಾಗುವುದೇ ಇಲ್ಲವಾ ಅಂತ ನೀನು ಕೇಳುತ್ತೀಯ. ಬದಲಾಗುತ್ತವೆ, ಯಾರಾದರೂ ಕಿವಿ ಹಿಂಡಿದಾಗ. ಐಫೋನಿಗೆ ಎಲ್ಲರ ಹಾಗೆ ಟೈಪ್-ಸಿ ಚಾರ್ಜರ್ ಬಂದದ್ದು 2023ರಲ್ಲಿ. 2024ರ ಡಿಸೆಂಬರ್ 28ರ ನಂತರ ಬೇರೆ ಪಿನ್ ಇರುವ ಫೋನ್ ಮಾರುವ ಹಾಗಿಲ್ಲ ಅಂತ ಯುರೋಪಿನವರು ಕಾನೂನು ಮಾಡಿದ್ದರಿಂದ. 2025ರ ಜೂನ್‌ನಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ಮಾರಾಟ ನಿಲ್ಲಿಸಿದ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಕೊಡಬೇಕು ಅಂತ ನಿಯಮ ಬಂದಿದೆ. ಆ ಗಾಳಿ ಇಲ್ಲಿಗೂ ಸ್ವಲ್ಪ ಬೀಸಿದೆ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಎಸ್24ರಿಂದ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಅಂತ ಮಾತು ಕೊಟ್ಟಿವೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಕಂಪನಿಗಳು ರಿಪೇರಿ ಮಾಹಿತಿ, ಸರ್ವಿಸ್ ಸೆಂಟರ್, ವಾರಂಟಿ ವಿವರ ಅದರಲ್ಲಿ ಹಾಕುತ್ತವೆ. ಮಾಹಿತಿ ಒಳ್ಳೆಯದು, ಆದರೆ ಬಿಡಿಭಾಗ ಕೊಡಲೇಬೇಕು ಅನ್ನುವ ಬಿಗಿ ಅದರಲ್ಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ರಿಪೇರಿ ಹುಡುಗ ಇವತ್ತಿಗೂ ಸತ್ತ ಫೋನಿನಿಂದ ಬಿಚ್ಚಿದ ಭಾಗ ಹಾಕಿಯೇ ನಮ್ಮ ಫೋನ್ ಬದುಕಿಸುತ್ತಾನೆ. ಹಾಗೆ ಹಾಕಿದರೆ ಕೆಲವು ಫೋನುಗಳು ‘ಇದು ಅಸಲಿ ಭಾಗವಲ್ಲ’ ಅಂತ ತೆರೆಯ ಮೇಲೆ ದೂರು ಹೇಳುತ್ತವೆ. ಅಸಲಿ ಭಾಗವನ್ನೇ ಇನ್ನೊಂದು ಅಸಲಿ ಫೋನಿನಿಂದ ತೆಗೆದು ಹಾಕಿದರೂ ಹೇಳಿದ್ದುಂಟು. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಈ ಚಾಳಿಗೆ ಕಾನೂನಿನಲ್ಲೇ ತಡೆ ಹಾಕಿತು. ನಮ್ಮಲ್ಲೂ ಹಾಗೆ ತಡೆ ಹಾಕಿದರೆ ಸಾವಿರಾರು ರಿಪೇರಿ ಹುಡುಗರ ಹೊಟ್ಟೆಪಾಡಿಗೆ ಅನುಕೂಲ.

ಹಾಗಾಗಿ ಮಗಳ ಫೋನಿನ ವಿಷಯಕ್ಕೆ ಇಷ್ಟು ಮಾಡು. ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಅವರೇ ಹೇಳುತ್ತಾರೆ, ನೀನು ಕೇಳಬೇಡ. ಸುರಕ್ಷತಾ ಅಪ್‌ಡೇಟ್ ಯಾವ ವರ್ಷದವರೆಗೆ ಅಂತ ಕೇಳು. ಅವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಪುಟದಲ್ಲೇ ನೋಡು. ಬ್ಯಾಟರಿ, ಡಿಸ್‌ಪ್ಲೇ ಬದಲಾಯಿಸಲು ಎಷ್ಟಾಗುತ್ತದೆ, ಮೈಸೂರಿನಲ್ಲೇ ಆಗುತ್ತದಾ ಅಂತ ವಿಚಾರಿಸು. ಡಿಸ್‌ಪ್ಲೇ ಬೆಲೆ ಫೋನಿನ ಅರ್ಧ ಬೆಲೆ ಇದ್ದರೆ ಎದ್ದು ಬಾ. ಅವಳಿಗೆ ಐಫೋನೇ ಬೇಕು ಅಂದರೆ ಹೊಸ ಮಾಡೆಲ್ ಬೇಡ, ಒಂದು ವರ್ಷ ಹಿಂದಿನದ್ದು ಸಾಕು. ಆಂಡ್ರಾಯ್ಡ್ ಆದರೆ ಅಪ್‌ಡೇಟಿನ ಮಾತು ಕೊಟ್ಟವರದ್ದು ತಗೋ. ಐದು ವರ್ಷಕ್ಕಿಂತ ಕಡಿಮೆ ಹೇಳುವವರ ಕಡೆ ತಿರುಗಿಯೂ ನೋಡಬೇಡ. ಇಎಂಐ ಬೇಡ. ಇದು ಗೆಳೆಯನಾಗಿ ಹೇಳುವ ಮಾತು, ತಂತ್ರಜ್ಞಾನಕ್ಕೆ ಸಂಬಂಧವಿಲ್ಲ.

ಇನ್ನೊಂದು. ಮಂಡಿಯ ಲ್ಯಾಪ್‌ಟಾಪಿನಲ್ಲಿ ಇನ್ನೂ ವಿಂಡೋಸ್ 10 ಇದೆ ಅಂತ ನಿನ್ನ ತಮ್ಮ ಹೇಳಿದ. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಅಪ್‌ಡೇಟ್ ನಿಂತಿದೆ. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆ ಅಂದಿದ್ದಾರೆ, ಅದು ಆಗಿದೆಯಾ ನೋಡಿಸು. ವಿಂಡೋಸ್ 11 ಹಾಕೋಣ ಅಂದರೆ ನಿನ್ನದು ಹಳೆಯ ಪ್ರೊಸೆಸರು, ಅದು ಒಪ್ಪುವುದಿಲ್ಲ. ಯಂತ್ರ ಗಟ್ಟಿಮುಟ್ಟಾಗಿದೆ, ಸುಮ್ನೆ ಎಸೆಯಬೇಡ. ಮುಂದಿನ ತಿಂಗಳು ಮಗಳನ್ನು ಮೈಸೂರಿಗೆ ಬಿಟ್ಟು ಬರುವಾಗ ಅದನ್ನೂ ಹಿಡಿದುಕೊಂಡು ಇಲ್ಲಿ ಇಳಿ. ಲಿನಕ್ಸ್ ಹಾಕಿ ಮನೆಯಲ್ಲಿ ಪತ್ರಿಕೆ ಓದಲು ಕೊಡೋಣ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿಗೆ ಬೇರೆ ಯಂತ್ರ ನೋಡೋಣ. ಟ್ಯಾಲಿ ಬ್ಯಾಕಪ್ ಎರಡು ಪೆನ್‌ಡ್ರೈವಿಗೆ ಹಾಕಿಕೊಂಡು ಬಾ. ಒಂದನ್ನು ಮನೆಯಲ್ಲೇ ಬಿಟ್ಟು ಬಾ. ಚಾರ್ಜರ್ ಮರೀಬೇಡ, ಆ ಪಿನ್ ಈಗ ಎಲ್ಲೂ ಸಿಗುವುದಿಲ್ಲ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ಬೆಂಗಳೂರಿನ ಗೆಳೆಯ